ಕಣಕ್ಕೆ ಯಾರು ಇಳೀತಾರೆ, ಯಾರು ಹಿಂದೆ ಸರೀತಾರೆ: 2028ರ ಅಮೆರಿಕ ಅಧ್ಯಕ್ಷ ಚುನಾವಣೆ

ಎಲ್ರಿಗೂ ನಮಸ್ಕಾರ. ಮೊನ್ನೆ ಆಡಿದ ಮಾತನ್ನ ಬರೆದು ಕೊಡಿ ಅಂತ ಹಲವರು ಕೇಳಿದ್ರು, ಅದಕ್ಕೆ ಮಾತಾಡಿದ ಧಾಟಿಯಲ್ಲೇ ಬರೀತಾ ಇದ್ದೀನಿ, ಇಸವಿ ತಾರೀಖುಗಳನ್ನ ಮಾತ್ರ ಅಲ್ಲಲ್ಲಿ ಸೇರಿಸಿದ್ದೀನಿ.

2028ರ ನವೆಂಬರ್ 7ಕ್ಕೆ ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ. ಅದಕ್ಕೆ ಯಾರ್ಯಾರು ನಿಲ್ತಾರೆ ಅನ್ನೋ ಊಹಾಪೋಹ ಹಿಂದಿನ ಚುನಾವಣೆ ಫಲಿತಾಂಶ ಬಂದ ಮಾರನೇ ದಿನಾನೇ ಶುರುವಾಗೋಯ್ತು, ಟಿವಿಯಲ್ಲಿ ಹೆಸರುಗಳ ಪಟ್ಟಿ ಓಡತ್ತೆ, ಬೆಟ್ಟಿಂಗ್ ಸೈಟ್‌ಗಳಲ್ಲಿ ರೇಟು ಏರಿಳಿಯತ್ತೆ, ಹೆಚ್ಚಿನವರು ಇದನ್ನ ಕಾಲಕ್ಷೇಪ ಅಂದ್ಕೊಂಡು ಬಿಟ್ಟುಬಿಡ್ತಾರೆ. ನಂಗೆ ಇದು ಕಾಲಕ್ಷೇಪ ಅಂತ ಯಾವತ್ತೂ ಅನ್ಸಿಲ್ಲ. ಯಾಕಂದ್ರೆ ಅಲ್ಲಿ ಪ್ರೈಮರಿಯಲ್ಲಿ, ಅಂದ್ರೆ ಪಕ್ಷದ ಅಭ್ಯರ್ಥಿ ಯಾರು ಅಂತ ಜನರೇ ಆರಿಸೋ ಒಳಚುನಾವಣೆಯಲ್ಲಿ, ಮೊದಲನೇ ವೋಟು ಬೀಳೋ ಹೊತ್ತಿಗೆ ಅರ್ಧ ಆಟ ಮುಗಿದಿರತ್ತೆ. ಗೆಲ್ಲೋ ಶಕ್ತಿ ಇದ್ದೂ ನಿಲ್ಲದೇ ಉಳಿದವರು ಯಾರು, ಯಾವ ಲೆಕ್ಕಾಚಾರದ ಮೇಲೆ ಹಿಂದೆ ಸರಿದ್ರು ಅನ್ನೋದು ಫಲಿತಾಂಶವನ್ನ ಎಷ್ಟೋ ಸಲ ಬರೆದಿದೆ. ಜನಕ್ಕೆ ಆಯ್ಕೆ ಮಾಡೋಕೆ ಸಿಗೋದು ಉಳಿದವರಲ್ಲಿ ಮಾತ್ರ.

ಕಾನೂನಿನ ಮಾತು ಬೇಗ ಮುಗಿಸ್ತೀನಿ. ಹುಟ್ಟಿನಿಂದಲೇ ಅಮೆರಿಕದ ಪ್ರಜೆ ಆಗಿರಬೇಕು, 35 ವಯಸ್ಸಾಗಿರಬೇಕು, 14 ವರ್ಷ ಆ ದೇಶದಲ್ಲಿ ವಾಸ ಮಾಡಿರಬೇಕು. 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಪ್ರಕಾರ ಎರಡು ಸಲಕ್ಕಿಂತ ಜಾಸ್ತಿ ಯಾರೂ ಅಧ್ಯಕ್ಷರಾಗಿ ಆರಿಸಿ ಬರೋ ಹಾಗಿಲ್ಲ, ಟ್ರಂಪ್ 2016ರಲ್ಲಿ ಒಂದು ಸಲ 2024ರಲ್ಲಿ ಒಂದು ಸಲ ಗೆದ್ದಾಗಿದೆ, ಹಾಗಾಗಿ ಮೂರನೇ ಅವಧಿ ಅಂತ ಎಷ್ಟೇ ಸದ್ದು ಕೇಳಿಸಿದ್ರೂ ಸಂವಿಧಾನದಲ್ಲಿ ಆ ಬಾಗಿಲು ಮುಚ್ಚಿದೆ. ಅಂದ್ರೆ 2028ರಲ್ಲಿ ಎರಡೂ ಪಕ್ಷಗಳಲ್ಲಿ ಹಾಲಿ ಅಧ್ಯಕ್ಷ ಇಲ್ಲದ ಖಾಲಿ ಕಣ. ಇಂಥಾ ಕಣ ಕೊನೇ ಸಲ ಸಿಕ್ಕಿದ್ದು 2016ರಲ್ಲಿ, ಆಗ ರಿಪಬ್ಲಿಕನ್ ಪಕ್ಷ ಒಂದರಲ್ಲೇ 17 ಜನ ಹೆಸರಿರೋ ಅಭ್ಯರ್ಥಿಗಳು ಇದ್ರು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ರಾಜಕಾರಣಿಗಳು "ನಾನು ನಿಲ್ಲಲ್ಲ" ಅಂದಾಗ ಅದನ್ನ ಹೇಗೆ ಕೇಳಿಸ್ಕೋಬೇಕು?

ಬರಾಕ್ ಒಬಾಮಾ 2006ರ ಜನವರಿಯಲ್ಲಿ ಟಿವಿ ಸಂದರ್ಶನದಲ್ಲಿ ಕೂತು 2008ಕ್ಕೆ ನಿಲ್ಲಲ್ಲ ಅಂತ ಹೇಳಿದ್ರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಭ್ಯರ್ಥಿ ಆಯ್ಕೆ ಎಲ್ಲಕ್ಕಿಂತ ಮೊದಲು ಶುರುವಾಗ್ತಿದ್ದ ಐಯೋವಾ ರಾಜ್ಯದಲ್ಲಿ ಸೆನೆಟರ್ ಟಾಮ್ ಹಾರ್ಕಿನ್ ನಡೆಸೋ ಪಕ್ಷದ ಕೂಟಕ್ಕೆ ಹೋಗಿ ಭಾಷಣ ಮಾಡಿದ್ರು, ಅಕ್ಟೋಬರ್‌ನಲ್ಲಿ ಅದೇ ಟಿವಿ ಕಾರ್ಯಕ್ರಮಕ್ಕೆ ವಾಪಸ್ ಬಂದು ಯೋಚನೆ ಮಾಡ್ತಾ ಇದ್ದೀನಿ ಅಂದ್ರು, 2007ರ ಫೆಬ್ರವರಿ 10ಕ್ಕೆ ಇಲಿನಾಯ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕೊರೆಯೋ ಚಳಿಯಲ್ಲಿ ನಿಂತು ಕಣಕ್ಕೆ ಇಳಿದೇಬಿಟ್ರು. ಬಿಲ್ ಕ್ಲಿಂಟನ್ ಕೂಡ ಅಷ್ಟೇ, 1990ರಲ್ಲಿ ಅರ್ಕನ್ಸಾಸ್ ಗವರ್ನರ್ ಚುನಾವಣೆ ಡಿಬೇಟ್‌ನಲ್ಲಿ ನಾಲ್ಕು ವರ್ಷ ಪೂರ್ತಿ ಇರ್ತೀರಾ ಅಂತ ಕೇಳಿದಾಗ ಖಂಡಿತ ಅಂದಿದ್ರು. ಮರು ವರ್ಷ ರಾಜ್ಯ ಸುತ್ತಿ, ನಾನು ಮಾತು ಮುರೀಬಹುದಾ ಅಂತ ಜನರನ್ನೇ ಕೇಳಿ, 1991ರ ಅಕ್ಟೋಬರ್ 3ಕ್ಕೆ ಲಿಟಲ್ ರಾಕ್‌ನಲ್ಲಿ ಘೋಷಣೆ ಮಾಡಿದ್ರು.

ಇವರನ್ನ ಸುಳ್ಳುಗಾರರು ಅಂತ ಬಯ್ಯೋದು ಸುಲಭ, ಆದ್ರೆ ನನಗೆ ಹಾಗೆ ಅನ್ಸಲ್ಲ. ಹೆಚ್ಚಿನ ಸಲ "ಇಲ್ಲ" ಅನ್ನೋದು ಆ ದಿನದ ಪ್ರಾಮಾಣಿಕ ಉತ್ತರಾನೇ ಆಗಿರತ್ತೆ, ಪರಿಸ್ಥಿತಿ ಬದಲಾದ್ರೆ ಉತ್ತರ ಬದಲಾಗತ್ತೆ. ಬಾಗಿಲು ಪೂರ್ತಿ ಮುಚ್ಚೋಕೆ ಬೇರೇನೇ ರೀತಿ ಇದೆ. 1884ರಲ್ಲಿ ಜನರಲ್ ವಿಲಿಯಂ ಶರ್ಮನ್, ನಾಮಿನೇಟ್ ಮಾಡಿದ್ರೂ ಒಪ್ಪಲ್ಲ, ಆರಿಸಿದ್ರೂ ಕೆಲಸ ಮಾಡಲ್ಲ ಅಂತ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ರು, ಇವತ್ತಿಗೂ ಅಲ್ಲಿ ಅಂಥಾ ಮಾತಿಗೆ ಅವರ ಹೆಸರೇ ಇದೆ. 1968ರ ಮಾರ್ಚ್ 31ರ ರಾತ್ರಿ ಆಗ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಹೇಳಿದ್ದೂ ಅದೇ ಥರದ ಮಾತು. ಅಷ್ಟು ಗಟ್ಟಿಯಾಗಿ ಹೇಳದೇ "ಸದ್ಯಕ್ಕೆ ನನ್ನ ಗಮನ ರಾಜ್ಯದ ಕೆಲಸದ ಮೇಲಿದೆ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟವರ ಹೆಸರನ್ನ ಪಟ್ಟಿಯಿಂದ ತೆಗೀಬೇಡಿ.

ಹಾಗಾದ್ರೆ ನೋಡಬೇಕಾದ್ದು ಏನನ್ನ? ಕಾಲು ಎಲ್ಲಿಗೆ ಹೋಗ್ತಿದೆ, ದುಡ್ಡು ಎಲ್ಲಿಂದ ಬರ್ತಿದೆ, ಇವೆರಡು. ಕ್ಯಾಲಿಫೋರ್ನಿಯಾದ ಗವರ್ನರ್‌ಗೆ ಸೌತ್ ಕೆರೊಲಿನಾದ ಹಳ್ಳಿಗಾಡಲ್ಲಿ ಆಡಳಿತದ ಕೆಲಸ ಏನೂ ಇರಲ್ಲ, ಆದ್ರೂ ಗ್ಯಾವಿನ್ ನ್ಯೂಸಮ್ 2025ರ ಜುಲೈನಲ್ಲಿ ಅಲ್ಲಿ ಸುತ್ತಾಡಿದ್ರು. ಯಾಕೆ ಅಂದ್ರೆ ಡೆಮಾಕ್ರಾಟಿಕ್ ಪಕ್ಷ 2024ರಲ್ಲಿ ತನ್ನ ಮೊದಲ ಅಧಿಕೃತ ಪ್ರೈಮರಿಯನ್ನ ಅದೇ ರಾಜ್ಯಕ್ಕೆ ಕೊಟ್ಟಿತ್ತು, ಅದಕ್ಕೂ ಮುಂಚೆ 2020ರಲ್ಲಿ ಮೊದಲ ಮೂರು ರಾಜ್ಯಗಳಲ್ಲಿ ಸೋತು ಸುಣ್ಣವಾಗಿದ್ದ ಜೋ ಬೈಡನ್‌ರನ್ನ ಫೆಬ್ರವರಿ 29ರಂದು ಎತ್ತಿ ನಿಲ್ಲಿಸಿದ್ದೂ ಅಲ್ಲಿಯ ಕಪ್ಪು ಮತದಾರರೇ. ಇಲಿನಾಯ್ಸ್ ಗವರ್ನರ್ ಜೆ.ಬಿ. ಪ್ರಿಟ್ಜ್ಕರ್ 2025ರ ಏಪ್ರಿಲ್‌ನಲ್ಲಿ ಪ್ರೈಮರಿ ಬೇಗ ನಡೆಯೋ ನ್ಯೂ ಹ್ಯಾಂಪ್‌ಶೈರ್‌ನ ಪಕ್ಷದ ಔತಣಕೂಟಕ್ಕೆ ಹೋಗಿ ಭಾಷಣ ಮಾಡಿದ್ರು. ಬೈಡನ್ ಸರ್ಕಾರದಲ್ಲಿ ಸಾರಿಗೆ ಸಚಿವರಾಗಿದ್ದ ಪೀಟ್ ಬುಟಜಜ್ ಅದೇ ವರ್ಷ ಮೇ ತಿಂಗಳಲ್ಲಿ ಐಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಜನರ ಜೊತೆ ಸಂವಾದ ನಡೆಸಿದ್ರು. ಯಾರೂ ಏನೂ ಘೋಷಣೆ ಮಾಡಿರಲಿಲ್ಲ.

ದುಡ್ಡಿನ ವಿಷಯ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಅಲ್ಲಿ ಕೇಂದ್ರ ಚುನಾವಣಾ ಆಯೋಗದ ನಿಯಮದ ಪ್ರಕಾರ ಚುನಾವಣೆಗಾಗಿ 5,000 ಡಾಲರ್‌ಗಿಂತ ಜಾಸ್ತಿ ಎತ್ತಿದ್ರೆ ಅಥವಾ ಖರ್ಚು ಮಾಡಿದ್ರೆ ನೀವು ಕಾನೂನಿನ ಕಣ್ಣಲ್ಲಿ ಅಭ್ಯರ್ಥಿ, 15 ದಿನದೊಳಗೆ ಕಾಗದ ಸಲ್ಲಿಸಬೇಕು. ಆದ್ರೆ ನಿಲ್ಲಬೇಕಾ ಬೇಡ್ವಾ ಅಂತ ಬರೀ ಪರೀಕ್ಷೆ ಮಾಡಿ ನೋಡ್ತಿದ್ದೀನಿ ಅನ್ನೋ ಹಂತದಲ್ಲಿ ಇದ್ರೆ ಈ ನಿಯಮದಿಂದ ವಿನಾಯಿತಿ ಇದೆ, ಸಮೀಕ್ಷೆ ಮಾಡಿಸಬಹುದು, ಊರೂರು ಸುತ್ತಬಹುದು, ಲೆಕ್ಕ ಆಮೇಲೆ ಕೊಟ್ರೆ ಸಾಕು. ಇನ್ನೊಂದು ಕಡೆ ಅಭ್ಯರ್ಥಿಗಳ ಪರ ಪ್ರಚಾರಕ್ಕೆ ದುಡ್ಡು ಎತ್ತಿ ಖರ್ಚು ಮಾಡೋ ಸೂಪರ್ ಪ್ಯಾಕ್ ಅನ್ನೋ ಸಂಸ್ಥೆಗಳಿವೆ, 2010ರ ಕೋರ್ಟ್ ತೀರ್ಪುಗಳ ನಂತರ ಹುಟ್ಟಿಕೊಂಡಿದ್ದು. ಅಭ್ಯರ್ಥಿಗೆ ನೇರವಾಗಿ ಕೊಡೋ ದೇಣಿಗೆಗೆ ಮಿತಿ ಇದೆ, 2025-26ರ ಅವಧಿಗೆ ಒಬ್ಬ ವ್ಯಕ್ತಿ ಒಂದು ಚುನಾವಣೆಗೆ 3,500 ಡಾಲರ್, ಆದ್ರೆ ಸೂಪರ್ ಪ್ಯಾಕ್‌ಗೆ ಕೋಟಿಗಟ್ಟಲೆ ಕೊಡಬಹುದು, ಅಭ್ಯರ್ಥಿ ಆದ್ಮೇಲೆ ಅದರ ಜೊತೆ ಕೈಜೋಡಿಸಿ ಕೆಲಸ ಮಾಡೋ ಹಾಗಿಲ್ಲ ಅಷ್ಟೇ. ಇದರಿಂದಾಗಿ ಘೋಷಣೆ ತಡ ಮಾಡಿದಷ್ಟೂ ಅನುಕೂಲ.

ಫ್ಲೋರಿಡಾದ ಮಾಜಿ ಗವರ್ನರ್, ರಿಪಬ್ಲಿಕನ್ ಪಕ್ಷದ ಜೆಬ್ ಬುಷ್ 2014ರ ಡಿಸೆಂಬರ್‌ನಲ್ಲಿ ಯೋಚನೆ ಮಾಡ್ತಿದ್ದೀನಿ ಅಂದವರು ನಿಜವಾಗಿ ಘೋಷಣೆ ಮಾಡಿದ್ದು 2015ರ ಜೂನ್ 15ಕ್ಕೆ, ಆ ಆರು ತಿಂಗಳಲ್ಲಿ ಅವರ ಪರ ಇದ್ದ ಸೂಪರ್ ಪ್ಯಾಕ್ 10 ಕೋಟಿ ಡಾಲರ್‌ಗಿಂತ ಜಾಸ್ತಿ ಸೇರಿಸಿತ್ತು. ಇಷ್ಟು ದುಡ್ಡು ಗುಡ್ಡೆ ಹಾಕೋದು ಜಾಹೀರಾತಿಗೆ ಮಾತ್ರ ಅಂತಲ್ಲ, ಬೇರೆಯವರು ನೋಡಿ ಹೆದರಲಿ ಅಂತ. ಹೆದರಿದವರೂ ಇದ್ರು. ಮೂರನೇ ಸಲ ನಿಲ್ಲೋ ಯೋಚನೆಯಲ್ಲಿದ್ದ ಮಿಟ್ ರಾಮ್ನಿ, ದೇಣಿಗೆ ಕೊಡೋರು ಆ ಕಡೆ ವಾಲ್ತಿರೋ ಹೊತ್ತಲ್ಲೇ, ಜನವರಿ 30ಕ್ಕೆ ಕೈಬಿಟ್ರು. ಆದ್ರೆ ಜೆಬ್ ಘೋಷಣೆ ಮಾಡಿದ ಮಾರನೇ ದಿನ, ಜೂನ್ 16ಕ್ಕೆ, ನ್ಯೂಯಾರ್ಕ್‌ನ ತನ್ನ ಕಟ್ಟಡದ ಎಸ್ಕಲೇಟರ್ ಇಳ್ಕೊಂಡು ಬಂದು ಟ್ರಂಪ್ ಕಣಕ್ಕೆ ಬಂದ್ರು, ಅವರು ಈ ದುಡ್ಡಿನ ಲೆಕ್ಕಕ್ಕೆ ಸಿಗೋ ಆಸಾಮಿ ಆಗಿರಲಿಲ್ಲ. ಎಂಟು ತಿಂಗಳಲ್ಲಿ ಜೆಬ್ ಬುಷ್ ಮನೆಗೆ ಹೋದ್ರು. ಹೆದರಿಸೋ ತಂತ್ರ ಕೆಲಸ ಮಾಡೋದು ಅದೇ ಲೆಕ್ಕ ಹಾಕೋ ಜನರ ಮೇಲೆ, ಹೊರಗಿನವರ ಮೇಲಲ್ಲ. ಊಹೆ ಮಾಡೋರು ಪದೇ ಪದೇ ಎಡವೋದು ಇಲ್ಲೇ.

ಈಗ 1991ಕ್ಕೆ ಬನ್ನಿ, ಈ ಇಡೀ ವಿಷಯ ಅರ್ಥ ಆಗಬೇಕಾದ್ರೆ ಆ ವರ್ಷ ನೋಡಲೇಬೇಕು. ಗಲ್ಫ್ ಯುದ್ಧ ಮುಗಿದಾಗ ಅಧ್ಯಕ್ಷ ಜಾರ್ಜ್ ಬುಷ್, ಅಂದ್ರೆ ಅಪ್ಪ ಬುಷ್, ಗ್ಯಾಲಪ್ ಸಮೀಕ್ಷೆಯಲ್ಲಿ 89 ಪರ್ಸೆಂಟ್ ಜನರ ಮೆಚ್ಚುಗೆ ಪಡೆದಿದ್ರು. ಇಂಥವರ ಎದುರು ಯಾರು ನಿಲ್ತಾರೆ? ಡೆಮಾಕ್ರಾಟಿಕ್ ಪಕ್ಷದ ದೊಡ್ಡ ಹೆಸರುಗಳಲ್ಲಿ ಅಲ್ ಗೋರ್ ಬೇಡ ಅಂದ್ರು, ಡಿಕ್ ಗೆಪಾರ್ಟ್ ಬೇಡ ಅಂದ್ರು, ಬಿಲ್ ಬ್ರಾಡ್ಲಿ ಬೇಡ ಅಂದ್ರು, ಜೇ ರಾಕ್‌ಫೆಲ್ಲರ್ ಬೇಡ ಅಂದ್ರು. ಉಳಿದಿದ್ದು ಒಂದೇ ದೊಡ್ಡ ಹೆಸರು, ನ್ಯೂಯಾರ್ಕ್ ಗವರ್ನರ್ ಮಾರಿಯೋ ಕುವೊಮೊ. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಕ್ಷದ ಸಮಾವೇಶದಲ್ಲಿ ಅವರು ಮಾಡಿದ ಭಾಷಣ ಕೇಳಿದವರು ಇವತ್ತಿಗೂ ಮರೆತಿಲ್ಲ. ಅವರು ನಿಂತ್ರೆ ಉಳಿದವರ ಕಥೆ ಮುಗೀತು ಅಂತಲೇ ಎಲ್ಲರ ಲೆಕ್ಕ. ಅವರೋ ತಿಂಗಳುಗಟ್ಟಲೆ ಮೀನಮೇಷ ಎಣಿಸ್ತಾ ಕೂತ್ರು.

1991ರ ಡಿಸೆಂಬರ್ 20, ಶುಕ್ರವಾರ. ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಹೆಸರು ಕೊಡೋಕೆ ಸಂಜೆ 5 ಗಂಟೆ ಕೊನೆ. ಕಟ್ಟಬೇಕಾದ ಶುಲ್ಕ 1,000 ಡಾಲರ್. ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯ ವಿಮಾನ ನಿಲ್ದಾಣದಲ್ಲಿ ಬಾಡಿಗೆ ವಿಮಾನಗಳು ಹಾರೋಕೆ ರೆಡಿಯಾಗಿ ಕಾಯ್ತಾ ಇವೆ, ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿ ಅವರ ಕಡೆಯವರು ಕಾಯ್ತಾ ಇದ್ದಾರೆ, ಟಿವಿಯವರು ಎರಡೂ ಕಡೆ ಕ್ಯಾಮೆರಾ ಇಟ್ಕೊಂಡು ನಿಂತಿದ್ದಾರೆ. ಮಧ್ಯಾಹ್ನ ಕಳೀತು. ಆಮೇಲೆ ಕುವೊಮೊ ಪತ್ರಕರ್ತರ ಮುಂದೆ ಬಂದು, ರಾಜ್ಯದ ಬಜೆಟ್ ವಿಷಯದಲ್ಲಿ ರಿಪಬ್ಲಿಕನ್ನರ ಜೊತೆ ಒಪ್ಪಂದ ಆಗಿಲ್ಲ, ಇದನ್ನ ಹೀಗೇ ಬಿಟ್ಟು ನಾನು ಹೋಗೋ ಹಾಗಿಲ್ಲ, ನಿಲ್ಲಲ್ಲ ಅಂದ್ರು. ವಿಮಾನ ಹಾರಲಿಲ್ಲ.

ಮುಂದಿನ ವರ್ಷವೂ ಮಾಸದ ಆರ್ಥಿಕ ಹಿಂಜರಿತದ ಪೆಟ್ಟು, ಕೆಲಸ ಕಳ್ಕೊಂಡವರ ಸಿಟ್ಟು, 89 ಪರ್ಸೆಂಟ್ ಎಲ್ಲೋ ಕರಗಿಹೋಯ್ತು, ನವೆಂಬರ್‌ನಲ್ಲಿ ಬುಷ್‌ಗೆ ಬಂದಿದ್ದು 37 ಪರ್ಸೆಂಟ್ ವೋಟು. ಗೆದ್ದಿದ್ದು ದೊಡ್ಡವರೆಲ್ಲ ಬೇಡ ಅಂದ ಕಣಕ್ಕೆ ಧೈರ್ಯ ಮಾಡಿ ಇಳಿದಿದ್ದ ಒಂದು ಸಣ್ಣ ರಾಜ್ಯದ ಗವರ್ನರ್, ಅದೂ 43 ಪರ್ಸೆಂಟ್ ವೋಟಲ್ಲಿ. ಕುವೊಮೊ ಮತ್ತೆ ಯಾವತ್ತೂ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲಿಲ್ಲ. ಅವರು ಆ ವಿಮಾನ ಹತ್ತಿದ್ರೆ ಕ್ಲಿಂಟನ್ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತಿರ್ತಿತ್ತು ಅಂತ ನಾನು ಆಗಾಗ ಯೋಚನೆ ಮಾಡ್ತೀನಿ. ಚುನಾವಣೆಗೆ ಒಂದೂವರೆ ವರ್ಷ ಮುಂಚೆ ಹಾಲಿ ಅಧ್ಯಕ್ಷರ ಜನಪ್ರಿಯತೆ ನೋಡಿ ಹೆದರೋದು ಎಷ್ಟು ದೊಡ್ಡ ತಪ್ಪು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲ್ಲಾ ಹಿಂಜರಿಕೆಯೂ ಲೆಕ್ಕಾಚಾರದ್ದೇ ಅಂತ ಹೇಳಿದ್ರೆ ಅನ್ಯಾಯ ಆಗತ್ತೆ. ಸೇನೆಯಿಂದ ನಿವೃತ್ತರಾಗಿದ್ದ ಜನರಲ್ ಕಾಲಿನ್ ಪವೆಲ್ 1995ರ ನವೆಂಬರ್ 8ಕ್ಕೆ ಬೇಡ ಅಂದಾಗ ಸಮೀಕ್ಷೆಗಳೆಲ್ಲ ಅವರ ಕಡೆ ಇದ್ವು, ಆ ಬದುಕಿಗೆ ಬೇಕಾದ ತುಡಿತ ನನ್ನೊಳಗೆ ಇಲ್ಲ ಅಂತ ಅವರೇ ಹೇಳಿದ್ರು, ಹೆಂಡತಿ ಆಲ್ಮಾಗೆ ಗಂಡನ ಪ್ರಾಣದ ಭಯ ಇತ್ತು. ಆಗ ಉಪಾಧ್ಯಕ್ಷರಾಗಿದ್ದ ಬೈಡನ್ 2015ರಲ್ಲಿ ಮಗ ಬೋ ತೀರಿಕೊಂಡ ಐದು ತಿಂಗಳಿಗೆ, ಅಕ್ಟೋಬರ್ 21ಕ್ಕೆ, ಶ್ವೇತಭವನದ ರೋಸ್ ಗಾರ್ಡನ್‌ನಲ್ಲಿ ನಿಂತು ಸಮಯ ಮೀರಿಹೋಯ್ತು ಅಂದ್ರು. ಮನೆಯ ದುಃಖವನ್ನ ಯಾವ ಸಮೀಕ್ಷೆಯೂ ಅಳೆಯಲ್ಲ, ಹೊರಗಿಂದ ಊಹೆ ಮಾಡೋ ನಮಗೂ ಅದು ಕಾಣಲ್ಲ. ಇನ್ನು ನಿಂತವರಿಗೇ ಯಾಕೆ ನಿಂತಿದ್ದೀವಿ ಅಂತ ಗೊತ್ತಿರದ ಪ್ರಸಂಗವೂ ಇದೆ. 1979ರ ನವೆಂಬರ್‌ನಲ್ಲಿ ಪ್ರಸಾರ ಆದ ಟಿವಿ ಸಂದರ್ಶನದಲ್ಲಿ, ಅಧ್ಯಕ್ಷರಾಗಿದ್ದ ಜಾನ್ ಕೆನಡಿಯ ತಮ್ಮ ಟೆಡ್ ಕೆನಡಿಗೆ ಪತ್ರಕರ್ತ ರಾಜರ್ ಮಡ್ ಕೇಳಿದ್ದು ಒಂದೇ ಸರಳ ಪ್ರಶ್ನೆ, ನೀವು ಯಾಕೆ ಅಧ್ಯಕ್ಷ ಆಗಬೇಕು ಅಂತ. ಕೆನಡಿ ತಡವರಿಸಿದ್ರು. ಆ ಮನೆತನದ ಮನುಷ್ಯ, 17 ವರ್ಷ ಸೆನೆಟರ್ ಆಗಿದ್ದವರು, ಆ ಪ್ರಶ್ನೆಗೆ ಉತ್ತರ ಸಿದ್ಧ ಇಟ್ಕೊಂಡಿರಲಿಲ್ಲ.

ಈಗ ಇತ್ತೀಚಿನ ಗಾಯಕ್ಕೆ ಬರ್ತೀನಿ, ಇದರ ಬಗ್ಗೆ ಮಾತಾಡುವಾಗ ನನ್ನ ದನಿ ಸ್ವಲ್ಪ ಏರಿತ್ತು ಅಂತ ಸಭೆಯಲ್ಲಿದ್ದವರು ಹೇಳಿದ್ರು, ಏರಲಿ. 2023ರ ಏಪ್ರಿಲ್ 25ಕ್ಕೆ ಬೈಡನ್ ಮತ್ತೆ ನಿಲ್ತೀನಿ ಅಂದಾಗ ಅವರಿಗೆ 80 ವರ್ಷ. ಅವರ ವಯಸ್ಸಿನ ಬಗ್ಗೆ ಸ್ವಂತ ಪಕ್ಷದ ಮತದಾರರಲ್ಲೇ ದೊಡ್ಡ ಅಳುಕು ಇದೆ ಅಂತ ಒಂದರ ಹಿಂದೆ ಒಂದು ಸಮೀಕ್ಷೆ ಹೇಳ್ತಾನೇ ಇತ್ತು. ನ್ಯೂಸಮ್, ಮಿಷಿಗನ್‌ನ ವಿಟ್ಮರ್, ಪ್ರಿಟ್ಜ್ಕರ್, ಇಷ್ಟು ಜನ ಗವರ್ನರ್‌ಗಳಿದ್ರು, ಒಬ್ಬರೂ ಮುಂದೆ ಬರಲಿಲ್ಲ. ಮಿನೆಸೋಟದ ಸಂಸದ ಡೀನ್ ಫಿಲಿಪ್ಸ್ ಒಬ್ಬರು ಅಕ್ಟೋಬರ್ ಕೊನೇಲಿ ಬಂದ್ರು, ಅವರ ಹೆಸರು ಹೆಚ್ಚಿನವರು ಕೇಳಿರಲೇ ಇಲ್ಲ. 2024ರ ಜೂನ್ 27ಕ್ಕೆ ಟ್ರಂಪ್ ಎದುರಿನ ಡಿಬೇಟ್‌ನಲ್ಲಿ ಬೈಡನ್ ತಡವರಿಸಿದ್ರು, ಜುಲೈ 21ಕ್ಕೆ ಬೈಡನ್ ಹಿಂದೆ ಸರಿದ್ರು, ಅವರ ಜಾಗಕ್ಕೆ ಬಂದ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ಗೆ ಪ್ರಚಾರಕ್ಕೆ ಸಿಕ್ಕಿದ್ದು 107 ದಿನ. ಹಾಲಿ ಅಧ್ಯಕ್ಷರ ಎದುರು ನಿಂತ್ರೆ ಪಕ್ಷ ಒಡೆದವರು ಅನ್ನಿಸ್ಕೋತೀವಿ, 2028ಕ್ಕೆ ದಾರಿ ಮುಚ್ಚತ್ತೆ ಅನ್ನೋ ಭಯ ಆ ಗವರ್ನರ್‌ಗಳಿಗೆ ಇತ್ತು ಅನ್ನೋದು ನನ್ನ ಅನಿಸಿಕೆ, ಆ ಭಯ ನನಗೆ ಅರ್ಥ ಆಗತ್ತೆ. ಆದ್ರೆ ಕೋಟ್ಯಂತರ ಮತದಾರರಿಗೆ ಸಿಗಬೇಕಿದ್ದ ನಿಜವಾದ ಪ್ರೈಮರಿ ಆ ಭಯದಿಂದ ಇಲ್ಲವಾಯ್ತು. ನನಗೆ ಸಿಟ್ಟು ಇರೋದು ಅದಕ್ಕೆ.

ಈಗ 2028. ರಿಪಬ್ಲಿಕನ್ ಕಡೆ ಮೊದಲ ಹೆಸರು ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್. 2025ರ ಮಾರ್ಚ್‌ನಲ್ಲೇ ಅವರು ಪಕ್ಷದ ರಾಷ್ಟ್ರೀಯ ಸಮಿತಿಯ ಹಣಕಾಸು ಹೊಣೆ ಹೊತ್ಕೊಂಡ್ರು, ಅಂದ್ರೆ ದೊಡ್ಡ ದೊಡ್ಡ ದೇಣಿಗೆ ಕೊಡೋರ ಜೊತೆ ದಿನಾ ಮಾತುಕತೆ. ವ್ಯಾನ್ಸ್ ನಿಂತ್ರೆ ನಾನು ಅವರ ಬೆನ್ನಿಗೆ ಇರ್ತೀನಿ ಅಂತ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಹೇಳಿಬಿಟ್ಟಿದ್ದಾರೆ. ಆದ್ರೆ ಉಪಾಧ್ಯಕ್ಷರ ಇತಿಹಾಸ ನೋಡಿ. ನಿಕ್ಸನ್ 1960ರಲ್ಲಿ ಸೋತ್ರು, ಹಂಫ್ರಿ 1968ರಲ್ಲಿ ಸೋತ್ರು, ಗೋರ್ 2000ದಲ್ಲಿ ಸೋತ್ರು, ಹ್ಯಾರಿಸ್ 2024ರಲ್ಲಿ ಸೋತ್ರು. 1836ರಲ್ಲಿ ಗೆದ್ದ ವ್ಯಾನ್ ಬ್ಯೂರೆನ್ ಆದ್ಮೇಲೆ ಉಪಾಧ್ಯಕ್ಷ ಸ್ಥಾನದಲ್ಲಿ ಇದ್ದುಕೊಂಡೇ ಅಧ್ಯಕ್ಷ ಚುನಾವಣೆ ಗೆದ್ದವರು 1988ರ ಬುಷ್ ಒಬ್ಬರೇ. ಪಕ್ಷದ ಟಿಕೆಟ್ ಇವರಿಗೆ ಸಲೀಸು, ಆಮೇಲಿನ ದಾರಿ ಕಷ್ಟ, ಯಾಕಂದ್ರೆ ಮೇಲಿರೋರ ಪಾಪ ಪುಣ್ಯ ಎರಡೂ ಹೊರಬೇಕು. ಟ್ರಂಪ್ ಜನಪ್ರಿಯತೆ ಕುಸಿದಷ್ಟೂ, ಆ ಆಡಳಿತದ ಒಳಗೆ ಇಲ್ಲದ ರಿಪಬ್ಲಿಕನ್ ಒಬ್ಬರು ತೊಡೆ ತಟ್ಟೋ ಸಾಧ್ಯತೆ ಜಾಸ್ತಿ ಆಗತ್ತೆ.

ಡೆಮಾಕ್ರಾಟರ ಕಡೆ ನಾನು ಮೊದಲು ನೋಡೋದು ಯಾರಿಗೆ ಕೈ ಖಾಲಿ ಇದೆ ಅಂತ. ನ್ಯೂಸಮ್ ಮತ್ತು ಮಿಷಿಗನ್‌ನ ಗ್ರೆಚೆನ್ ವಿಟ್ಮರ್, ಇಬ್ಬರ ಗವರ್ನರ್ ಅವಧಿಯೂ 2027ರ ಜನವರಿಗೆ ಮುಗಿಯತ್ತೆ, ಮಿತಿ ಇರೋದ್ರಿಂದ ಅದೇ ಕುರ್ಚಿಗೆ ಮತ್ತೆ ಯಾವತ್ತೂ ವಾಪಸ್ ಬರೋ ಹಾಗಿಲ್ಲ. ನ್ಯೂಸಮ್ ಅಂತೂ 2026ರ ಮಧ್ಯಂತರ ಚುನಾವಣೆ, ಅಂದ್ರೆ ಅಧ್ಯಕ್ಷರ ಅವಧಿಯ ನಡುವೆ ನಡೆಯೋ ಸಂಸತ್ತಿನ ಚುನಾವಣೆ, ಆದ್ಮೇಲೆ ಗಂಭೀರವಾಗಿ ಯೋಚಿಸ್ತೀನಿ, ಇಲ್ಲ ಅಂದ್ರೆ ಸುಳ್ಳಾಗತ್ತೆ ಅನ್ನೋ ಅರ್ಥದಲ್ಲಿ ಟಿವಿಯಲ್ಲೇ ಒಪ್ಕೊಂಡಿದ್ದಾರೆ. ಬುಟಜಜ್ 2025ರಲ್ಲಿ ಮಿಷಿಗನ್ ಸೆನೆಟ್ ಸೀಟೂ ಬೇಡ, ಗವರ್ನರ್ ಹುದ್ದೆಯೂ ಬೇಡ ಅಂದ್ರು, ಎದುರಿಗೆ ಬಂದ ಅವಕಾಶವನ್ನ ಹೀಗೆ ಕೈಬಿಡೋರಿಗೆ ಕಣ್ಣು ಬೇರೆ ಕಡೆ ಇರತ್ತೆ ಅಂತಲೇ ನಾನು ಓದ್ತೀನಿ. ಹ್ಯಾರಿಸ್ ಕೂಡ ಅದೇ ವರ್ಷ ಜುಲೈ 30ಕ್ಕೆ ಕ್ಯಾಲಿಫೋರ್ನಿಯಾ ಗವರ್ನರ್ ಸ್ಪರ್ಧೆ ಬೇಡ ಅಂದ್ರು.

ನ್ಯೂಯಾರ್ಕ್‌ನ ಸಂಸದೆ ಅಲೆಗ್ಸಾಂಡ್ರಿಯಾ ಒಕಾಸಿಯೋ ಕೊರ್ಟೆಜ್ ಲೆಕ್ಕ ಬೇರೆ. ನ್ಯೂಯಾರ್ಕ್‌ನ ಚಕ್ ಶೂಮರ್ ಸೆನೆಟ್ ಸೀಟಿಗೂ 2028ರಲ್ಲೇ ಚುನಾವಣೆ, ಎರಡು ದೋಣಿ ಮೇಲೆ ಕಾಲಿಡೋಕೆ ಆಗಲ್ಲ, ಒಂದನ್ನ ಆರಿಸ್ಕೋಬೇಕು. ಅವರು ಹುಟ್ಟಿದ್ದು 1989ರಲ್ಲಿ, ವಯಸ್ಸು ಅವರ ಕಡೆ ಇದೆ, ಸೆನೆಟ್ ಆರಿಸ್ಕೋತಾರೆ ಅಂತ ನನ್ನ ಊಹೆ. ಪೆನ್ಸಿಲ್ವೇನಿಯಾದ ಗವರ್ನರ್ ಜಾಶ್ ಶಪಿರೊ ಮತ್ತು ಪ್ರಿಟ್ಜ್ಕರ್ ಇಬ್ಬರಿಗೂ 2026ರಲ್ಲಿ ತಮ್ಮ ತಮ್ಮ ರಾಜ್ಯದಲ್ಲೇ ಪರೀಕ್ಷೆ, ದೊಡ್ಡ ಅಂತರದಲ್ಲಿ ಗೆದ್ರೆ ಆ ಫಲಿತಾಂಶವೇ ಅವರ ಮೊದಲ ಪ್ರಚಾರ. ಮೇರಿಲ್ಯಾಂಡ್‌ನ ಗವರ್ನರ್ ವೆಸ್ ಮೂರ್ 2028ಕ್ಕೆ ನಿಲ್ಲಲ್ಲ, ಪೂರ್ತಿ ಅವಧಿ ಮುಗಿಸ್ತೀನಿ ಅಂದಿದ್ದಾರೆ. 1990ರ ಕ್ಲಿಂಟನ್ ಮಾತು, 2006ರ ಒಬಾಮಾ ಮಾತು ನೆನಪಿಟ್ಕೊಂಡೇ ಅದನ್ನ ಕೇಳಿಸ್ಕೊಳ್ಳಿ. ಕೆಂಟಕಿಯ ಆಂಡಿ ಬೆಶಿಯರ್ ನನ್ನ ಪ್ರಕಾರ ಜನ ಕಡೆಗಣಿಸ್ತಿರೋ ಹೆಸರು, ಟ್ರಂಪ್ ಭಾರೀ ಅಂತರದಲ್ಲಿ ಗೆಲ್ಲೋ ರಾಜ್ಯದಲ್ಲಿ ಎರಡು ಸಲ ಗವರ್ನರ್ ಆಗಿ ಗೆದ್ದವರು.

ಕೊನೇಲಿ ಒಬ್ಬರು ಕೇಳಿದ್ರು, ಇಷ್ಟೆಲ್ಲ ಹೇಳಿದ್ರಿ, ನಿಮ್ಮ ಪಟ್ಟಿ ಏನು ಅಂತ. ಹೇಳ್ತೀನಿ. ವ್ಯಾನ್ಸ್ ನಿಲ್ತಾರೆ. ಡೆಮಾಕ್ರಾಟರಲ್ಲಿ ನ್ಯೂಸಮ್, ಬುಟಜಜ್, ಬೆಶಿಯರ್ ನಿಲ್ತಾರೆ, ಪ್ರಿಟ್ಜ್ಕರ್ ಹೆಚ್ಚುಕಮ್ಮಿ ನಿಲ್ತಾರೆ. ಹ್ಯಾರಿಸ್ ತುಂಬಾ ದಿನ ಕಾಯ್ತಾರೆ, ಅವರು ಕಾದಷ್ಟೂ ಅವರ ಹಳೇ ದೇಣಿಗೆದಾರರು, ಸಿಬ್ಬಂದಿ ಬೇರೆ ಕಡೆ ಸೇರ್ಕೋತಾರೆ. ಇವರೆಲ್ಲರ ಜೊತೆಗೆ ಈಗ ಯಾರ ಪಟ್ಟಿಯಲ್ಲೂ ಇಲ್ಲದ ಒಬ್ಬರು ಬರ್ತಾರೆ, 1992, 2008, 2016ರಲ್ಲಿ ಗೆದ್ದವರು ಮೂವರೂ ಎರಡು ವರ್ಷ ಮುಂಚೆ ಮುಂಚೂಣಿಯಲ್ಲಿ ಇರಲಿಲ್ಲ ಅನ್ನೋದರ ಮೇಲೆ ಇದನ್ನ ಹೇಳ್ತಿದ್ದೀನಿ. ನನ್ನ ಪಟ್ಟಿ ಸರಿಯೋ ತಪ್ಪೋ ನೋಡೋಕೆ ಎರಡು ದಿನ ಗುರುತು ಹಾಕ್ಕೊಳ್ಳಿ. ಒಂದು 2026ರ ನವೆಂಬರ್ 3, ಮಧ್ಯಂತರ ಚುನಾವಣೆ. 2022ರಲ್ಲಿ ಟ್ರಂಪ್ ಘೋಷಣೆ ಮಾಡಿದ್ದು ಮಧ್ಯಂತರ ಮುಗಿದು ಬರೀ ಒಂದು ವಾರಕ್ಕೆ. ಇನ್ನೊಂದು 2027ರ ಜುಲೈ 15, ಅಷ್ಟೊತ್ತಿಗೆ ಕಣದಲ್ಲಿ ಇರೋರು ಜೂನ್ ಕೊನೆ ತನಕದ ದೇಣಿಗೆ ಲೆಕ್ಕವನ್ನ ಆಯೋಗಕ್ಕೆ ಕೊಡಬೇಕು, ಯಾರಿಗೆ ಎಷ್ಟು ಬಂದಿದೆ, ಯಾರಿಂದ ಬಂದಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡಬಹುದು.